ಬಸುರಿಯಾಗಿದ್ದಾಗ ಪಿನ್ನರ್‌ಗೆ ಹೋಗಬಾರದು

ಸ್ನೇಹಿತ ಮನೆ ಕೊಂಡಾಗ ಸಂತೋಷಪಡುವುದು ಹೇಗೆ ಎಂಬುದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಅವನಿಗೆ ಜ್ವರ ಬಂದರೆ ಏನು ಮಾಡಬೇಕೆಂದು ಗೊತ್ತು, ಕೆಲಸ ಹೋದರೆ ಏನು ಹೇಳಬೇಕೆಂದು ಗೊತ್ತು. ಆದರೆ ಅವನು ಲಂಡನ್ನಿನ ಹೊರವಲಯದ ಪಿನ್ನರ್‌ನಲ್ಲಿ, ಹಿಂದೆ ತೋಟ ಮುಂದೆ ಕಾರು ನಿಲ್ಲಿಸುವ ಜಾಗ ಇರುವ ಮನೆ ಕೊಂಡೆ ಎಂದಾಗ ನಮ್ಮ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕು? ಉದಯಶಂಕರನಿಗೆ ತಿಳಿಯಲಿಲ್ಲ. ಅವನು ನಕ್ಕ. ಆ ನಗೆ ನೋಡಿ ಹೆಂಡತಿ ಶ್ರೀಲತಾ, "ಹಲ್ಲು ನೋಯ್ತಿದೆಯೇನ್ರೀ?" ಎಂದು ಕೇಳಿದಳು.

ಮನೆ ಕೊಂಡವನು ವಸಿಷ್ಠ. ಇಬ್ಬರೂ ಬೆಂಗಳೂರಿನ ಒಂದೇ ಕಂಪನಿಯಿಂದ ಒಂದೇ ವಿಮಾನದಲ್ಲಿ ಲಂಡನ್ನಿಗೆ ಬಂದವರು. ಆ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ವಸಿಷ್ಠನಿಗೆ ಸಿಕ್ಕಿತ್ತು. ಅವತ್ತು ಶುರುವಾದದ್ದು ಇನ್ನೂ ನಿಂತಿಲ್ಲ. ಬಡ್ತಿ ಅವನಿಗೆ ಮೊದಲು, ಕಾರು ಅವನಿಗೆ ಮೊದಲು, ತಲೆ ತುಂಬ ಕೂದಲು ಅವನಿಗೆ ಈಗಲೂ. ಇದೀಗ ಅವನ ಹೆಂಡತಿ ಮಾಳವಿಕಾ ಬಸುರಿ. ಬಾಣಂತನಕ್ಕೆಂದು ಧಾರವಾಡದಿಂದ ವಸಿಷ್ಠನ ತಾಯಿ ವಿಶಾಲಾಕ್ಷಮ್ಮ ಆಗಲೇ ಬಂದು ಅವರ ವೆಂಬ್ಲಿಯ ಫ್ಲ್ಯಾಟಿನಲ್ಲಿ ಠಿಕಾಣಿ ಹೂಡಿದ್ದರು. ಇದನ್ನೆಲ್ಲ ನೋಡಿದಾಗ ಉದಯಶಂಕರನಿಗೆ ಆಗುತ್ತಿದ್ದುದನ್ನು ನೀವು ಹೊಟ್ಟೆಕಿಚ್ಚು ಎಂದರೆ ಅವನು ಒಪ್ಪುವುದಿಲ್ಲ. ಅವನ ಪ್ರಕಾರ ಅದು ನ್ಯಾಯಪ್ರಜ್ಞೆ.

ಸಹಿಸಲಾಗದ ಸಂಗತಿ ಇನ್ನೊಂದಿತ್ತು. ಉದಯಶಂಕರನೂ ಮನೆ ಕೊಳ್ಳುತ್ತಿದ್ದ! ಎಜ್‌ವೇರ್‌ನಲ್ಲಿ ಒಂದು ಚಿಕ್ಕ, ಚೊಕ್ಕ ಮನೆ. ಹಿತ್ತಿಲಲ್ಲಿ ಒಂದು ಸೇಬಿನ ಮರ. ಈಗ ಇರುವ ಕಿಂಗ್ಸ್‌ಬರಿಯ ಬಾಡಿಗೆ ಫ್ಲ್ಯಾಟಿನ ಕೆಳಗೆ ಕೋಳಿ ಕರಿಯುವ ಅಂಗಡಿಯಿತ್ತು. ಶ್ರೀಲತಾ ದೇವರ ಮುಂದೆ ಎಷ್ಟು ಊದುಬತ್ತಿ ಹಚ್ಚಿದರೂ ಕೊನೆಗೆ ಗೆಲ್ಲುತ್ತಿದ್ದುದು ಕೋಳಿಯೇ. ಎಜ್‌ವೇರ್ ಮನೆಯ ಆಸೆಯಲ್ಲೇ ಅವಳು ಆ ವಾಸನೆಯಲ್ಲಿ ಉಸಿರಾಡುತ್ತಿದ್ದಳು. ಆದರೆ ಈ ಸುದ್ದಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. "ಬೀಗದ ಕೈ ಕೈಗೆ ಬರೋವರೆಗೂ ಬಾಯಿ ಬಿಡಬೇಡ ಮಗನೇ, ದೃಷ್ಟಿ ತಾಗತ್ತೆ" ಎಂದು ರಾಜಾಜಿನಗರದಿಂದ ಅವನ ತಾಯಿ ಕಟ್ಟಪ್ಪಣೆ ಮಾಡಿದ್ದರು. ಕೀಲಿ ಸಿಕ್ಕ ಮೇಲೆ ಎಲ್ಲರನ್ನೂ ಊಟಕ್ಕೆ ಕರೆದು, ಪಾಯಸ ಬಡಿಸುವಾಗ, ಅದೇನೂ ದೊಡ್ಡ ವಿಷಯವಲ್ಲ ಎಂಬ ಧಾಟಿಯಲ್ಲಿ ಹೇಳಬೇಕೆಂದು ಉದಯಶಂಕರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ. ವಸಿಷ್ಠ ಯುಗಾದಿಯ ಊಟದಲ್ಲಿ, ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತ, ಅದೇ ಧಾಟಿಯಲ್ಲಿ ಹೇಳಿಬಿಟ್ಟ.

ಮುಂದಿನ ಭಾನುವಾರ ವಸಿಷ್ಠ ಎಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಪಿನ್ನರ್‌ಗೆ ಹೋಗಿ, ಎದುರಿನ ಫುಟ್‌ಪಾತಿನ ಮೇಲೆ ನಿಲ್ಲಿಸಿ ಮನೆ ತೋರಿಸಿದ. ಅದರಲ್ಲಿ ಇನ್ನೂ ವಾಸವಾಗಿದ್ದ ಮುದುಕಿ ಪರದೆ ಸರಿಸಿ, ಹೆದರಿ, ಆಮೇಲೆ ವಸಿಷ್ಠನನ್ನು ಗುರುತು ಹಿಡಿದು ಕೈ ಬೀಸಿದಳು. ಉದಯಶಂಕರ ಮಾತ್ರ ಫೋನ್ ಹಿಡಿದು ತಿರುಗುತ್ತ ನಿಂತಿದ್ದ. ಫೋಟೋ ತೆಗೆಯುತ್ತಿದ್ದಾನೆಂದು ಎಲ್ಲರೂ ತಿಳಿದರು. ಅವನು ನೋಡುತ್ತಿದ್ದುದು ದಿಕ್ಸೂಚಿ. ಬಾಗಿಲು ದಕ್ಷಿಣಕ್ಕೇನಾದರೂ ಇರಬಹುದೆ? ಇಲ್ಲ, ಪೂರ್ವ. ಮಹಡಿ ಮೆಟ್ಟಿಲು, ಅಡಿಗೆಮನೆ ಎಲ್ಲವನ್ನೂ ಉಪಾಯವಾಗಿ ಕೇಳಿ ತಿಳಿದ. ಎಲ್ಲ ಇರಬೇಕಾದ ಮೂಲೆಯಲ್ಲೇ ಇದ್ದವು. ವಾಸ್ತುಶಾಸ್ತ್ರದ ಮೇಲೆ ಅವನಿಗೆ ಮೊದಲೂ ನಂಬಿಕೆಯಿರಲಿಲ್ಲ, ಅವತ್ತು ಪೂರ್ತಿ ಹೊರಟುಹೋಯಿತು.

ಭಾರತದ ಶಾಸ್ತ್ರ ಕೈಕೊಟ್ಟ ಮೇಲೆ ನೆರವು ಚೀನಾದಿಂದ ಬಂತು.

ಆಫೀಸಿನಲ್ಲಿ ಉದಯಶಂಕರನ ಪಕ್ಕದ ಮೇಜಿನಲ್ಲಿ ಮೇ ಲಿಂಗ್ ಎಂಬಾಕೆ ಕೂರುತ್ತಿದ್ದರು. ಮಲೇಷಿಯಾದ ಚೀನೀ ಮನೆತನದವರು. ಸೋಮವಾರ ಸಂಜೆ ಇವನ ಮುಖ ನೋಡಿ ಏನಾಯಿತೆಂದು ಕೇಳಿದರು. ಸ್ನೇಹಿತನ ಹೆಂಡತಿ ಬಸುರಿ, ಅವರು ಮನೆ ಬದಲಾಯಿಸುತ್ತಿದ್ದಾರೆ ಎಂದು ಇವನು ನಿಟ್ಟುಸಿರು ಬಿಟ್ಟ.

"ಅಯ್ಯೋ, ಬಸುರಿಯಾಗಿದ್ದಾಗ ಮನೆ ಬದಲಾಯಿಸೋದೇ? ನಮ್ಮತ್ತೆ ಕೇಳಿದ್ರೆ ಮೂರ್ಛೆ ಹೋಗ್ತಾರೆ" ಎಂದರು ಮೇ ಲಿಂಗ್. "ಫೆಂಗ್‌ಶುಯಿ ಪ್ರಕಾರ ಮಗುವಿನ ಆತ್ಮ ಒಳಗಷ್ಟೇ ಇರಲ್ಲ, ಮನೆ ತುಂಬ ಓಡಾಡ್ತಿರತ್ತೆ. ಇವತ್ತು ಮಂಚದಲ್ಲಿ, ನಾಳೆ ಬಾಗಿಲಲ್ಲಿ. ಮಂಚ ಸರಿಸಬಾರದು, ಮೊಳೆ ಹೊಡೆಯಬಾರದು. ಮನೆ ಬದಲಾಯಿಸೋದಂತೂ ಕೇಳಲೇಬೇಡಿ."

ಉದಯಶಂಕರನ ಮುಖದಲ್ಲಿ ಬೆಳಕು ಮೂಡಿತು.

"ನಾನು ಇದೊಂದನ್ನೂ ಕೇಳಲಿಲ್ಲ ಬಿಡಿ. ತುಂಬಿದ ಬಸುರಿಯಾಗಿದ್ದಾಗಲೇ ಮನೆ ಬದಲಾಯಿಸಿದೆ, ನನ್ನ ಮಗಳು..." ಎಂದು ಅವರು ಮುಂದುವರಿಸುವ ಹೊತ್ತಿಗೆ ಕುರ್ಚಿ ಖಾಲಿಯಿತ್ತು. ಅವನು ಕೋಟು ಹಾಕಿಕೊಂಡು ವೆಂಬ್ಲಿಯ ದಾರಿ ಹಿಡಿದಿದ್ದ.

ಒಂದು ಮಾತು ಅವನ ಪರವಾಗಿ ಹೇಳಬೇಕು. ವಸಿಷ್ಠನ ಮನೆ ತಪ್ಪಿಸಬೇಕೆಂಬ ಕೆಟ್ಟ ಬುದ್ಧಿ ಅವನಿಗಿರಲಿಲ್ಲ. ಅವರ ಸಂತೋಷದ ಪಾಯಸದಲ್ಲಿ ಒಂದೇ ಒಂದು ಕಲ್ಲು ಸಿಗಲಿ ಎಂಬಷ್ಟೇ ಆಸೆ.

ವಿಶಾಲಾಕ್ಷಮ್ಮ ಗಿರಮಿಟ್ ಮಾಡಿದ್ದರು. ಉದಯಶಂಕರ ಎರಡು ತುತ್ತು ತಿಂದು ತಟ್ಟೆ ಕೆಳಗಿಟ್ಟ.

"ವಸಿಷ್ಠ, ಹೇಳಬೇಕೋ ಬೇಡವೋ ಗೊತ್ತಾಗ್ತಿಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ" ಎಂದು ಶುರುಮಾಡಿದ. ಮೇ ಲಿಂಗ್ ಹೇಳಿದ್ದನ್ನೆಲ್ಲ ಹೇಳಿದ. ಹೇಳದಿದ್ದದ್ದನ್ನೂ ಸ್ವಲ್ಪ ಸೇರಿಸಿದ. ಸಾವಿರಾರು ವರ್ಷಗಳ ಶಾಸ್ತ್ರವೆಂದ. ಚೀನಾದ ಚಕ್ರವರ್ತಿಗಳು ರಾಣಿ ಬಸುರಿಯಾದರೆ ಅರಮನೆಯ ಸ್ಟೂಲನ್ನೂ ಸರಿಸುತ್ತಿರಲಿಲ್ಲವೆಂದ.

"ಉದಯ್, ಪ್ಲೀಸ್" ಎಂದಳು ಮಾಳವಿಕಾ. ಅವಳು ಮೈಸೂರಿನವಳು, ದಂತವೈದ್ಯೆ; ಕೂಗಾಡುವವರ ಬಾಯಿಯನ್ನು ಮುಚ್ಚಿಸಿ ಅಲ್ಲ, ಅಗಲಿಸಿ ಅಭ್ಯಾಸವಿದ್ದವಳು. "ಆತ್ಮ ಮಂಚದಲ್ಲಿರತ್ತಾ? ನಮ್ಮದು ನಾವೇ ಜೋಡಿಸಿದ ಫ್ಲ್ಯಾಟ್‌ಪ್ಯಾಕ್ ಮಂಚ. ನಮಗೇ ಅದರ ಮೇಲಿರೋದು ಕಷ್ಟ."

ವಸಿಷ್ಠ ನಕ್ಕ. ಉದಯಶಂಕರ ನಿರಾಶನಾಗಿ ತಟ್ಟೆಗೆ ಕೈ ಹಾಕಿದ. ಆಗ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ವಿಶಾಲಾಕ್ಷಮ್ಮ ಬಾಯಿಬಿಟ್ಟರು.

"ಏನಂದಿ ಉದಯಾ? ಇನ್ನೊಮ್ಮೆ ಹೇಳು."

ಅವನು ಇನ್ನೊಮ್ಮೆ ಹೇಳಿದ.

"ನಮ್ಮ ಅತ್ತಿಯವರೂ ಹಿಂಗ ಅಂತಿದ್ರು. ಬಸರಿ ಇದ್ದಾಗ ಮನಿ ಕಟ್ಟಂಗಿಲ್ಲ, ಹೊಸಾ ಮನಿ ಹೊಕ್ಕಂಗಿಲ್ಲ. ನಾನ ಮರತು ಕೂತಿದ್ದೆ ನೋಡು."

"ಅವ್ವಾ, ಅದೆಲ್ಲಾ ಹಳೇ ಕಾಲದ್ದು" ಎಂದ ವಸಿಷ್ಠ.

"ಏ, ಸುಮ್ನಿರು. ನಮ್ಮವರೂ ಹೇಳ್ಯಾರ, ಚೀನಾದವರೂ ಹೇಳ್ಯಾರ. ಈ ಎರಡು ದೇಶ ಬ್ಯಾರೆ ಯಾವದಕ್ಕರ ಒಪ್ಪ್ಯಾವೇನು? ಇದೊಂದಕ್ಕ ಒಪ್ಪ್ಯಾವಂದ್ರ ಅದು ಖರೇನ ಇರಬೇಕು."

ಈ ವಾದ ಕೇಳಿ ವಸಿಷ್ಠ ಗಿರಮಿಟ್‌ಗೆ ಕೈ ಹಾಕಿದ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಅವತ್ತಿನಿಂದ ಆ ಫ್ಲ್ಯಾಟಿನಲ್ಲಿ ಒಂದು ಕುರ್ಚಿ ಕದಲಲಿಲ್ಲ. ಗೋಡೆ ಗಡಿಯಾರ ನಿಂತುಹೋಯಿತು, ಬ್ಯಾಟರಿ ಬದಲಾಯಿಸಲೆಂದು ಕೆಳಗಿಳಿಸಲೂ ವಿಶಾಲಾಕ್ಷಮ್ಮ ಬಿಡಲಿಲ್ಲ. ಮಾಳವಿಕಾ ಜಗಳವಾಡಿದಳು, ಅವರ ಡಾಕ್ಟರು ಫೋನಿನಲ್ಲಿ ಬುದ್ಧಿ ಹೇಳಿದರು. "ಡಾಕ್ಟರಿಗೆ ಮಂಚದ ವಿಷಯ ಏನ ಗೊತ್ತು?" ಎಂದರು ವಿಶಾಲಾಕ್ಷಮ್ಮ. ನಾಳೆ ಮಗುವಿಗೆ ಒಂದು ಶೀತವಾದರೂ ಜೀವಮಾನವೆಲ್ಲ ಈ ಮಾತು ಕೇಳಬೇಕಾಗುತ್ತದೆಂದು ವಸಿಷ್ಠ ಹೆದರಿದ. ಹೆರಿಗೆ ಆಗುವವರೆಗೂ ಕಾಯಿರಿ ಎಂದು ಪಿನ್ನರ್‌ನ ಮುದುಕಿಗೆ ಹೇಳಿ ಕಳಿಸಿದ. ಆಕೆ ಕಾಯಲಾಗುವುದಿಲ್ಲವೆಂದಳು. ಹಾಗಿದ್ದರೆ ಮನೆ ಬೇಡ ಎಂದುಬಿಟ್ಟ.

ಸುದ್ದಿ ಕೇಳಿ ಉದಯಶಂಕರ "ಛೆ ಛೆ ಛೆ" ಎಂದ. ಫೋನಿಟ್ಟು ಕಿಂಗ್ಸ್‌ಬರಿಯ ಮಿಠಾಯಿ ಅಂಗಡಿಗೆ ಹೋಗಿ ಮೈಸೂರು ಪಾಕು ತಂದ. ಯಾಕೆಂದು ಶ್ರೀಲತಾ ಕೇಳಿದ್ದಕ್ಕೆ, ಬದುಕಿನಲ್ಲಿ ಸಣ್ಣ ಸಣ್ಣ ಸಂತೋಷಗಳೂ ಇರಬೇಕು ಎಂದ.

ಪಾಕು ಡಬ್ಬಿಯಲ್ಲಿ ಇನ್ನೂ ಮುಗಿದಿರಲಿಲ್ಲ. ಮನೆಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಅವನ ಸಾಲಿಸಿಟರ್ ಫೋನ್ ಮಾಡಿದರು. ಶ್ರೀಲತಾಗೂ ಕೇಳಲೆಂದು ಸ್ಪೀಕರ್ ಹಾಕಿದ್ದು ಅವನು ಮಾಡಿದ ಎರಡನೆಯ ತಪ್ಪು.

"ಬೇಜಾರಿನ ಸುದ್ದಿ. ನಿಮ್ಮ ಎಜ್‌ವೇರ್ ಮನೆಯ ಚೈನ್ ಮುರಿದುಹೋಯ್ತು" ಎಂದರು ಸಾಲಿಸಿಟರ್.

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವುದು ಒಬ್ಬರ ಕೆಲಸವಲ್ಲ. ನಿಮಗೆ ಮಾರುವವರು ಆ ದುಡ್ಡಿನಲ್ಲಿ ಇನ್ನೊಬ್ಬರ ಮನೆ ಕೊಳ್ಳುತ್ತಿರುತ್ತಾರೆ. ಇದಕ್ಕೇ ಚೈನ್ ಎನ್ನುವುದು. ಎಲ್ಲರೂ ಒಂದೇ ದಿನ ಮನೆ ಬದಲಾಯಿಸಬೇಕು. ಒಬ್ಬ ಕೈಬಿಟ್ಟರೆ ಎಲ್ಲರೂ ಇದ್ದಲ್ಲೇ ಇರಬೇಕು.

"ಯಾರು ಮುರಿದದ್ದು?" ಎಂದು ಉದಯಶಂಕರ ರೇಗಿದ. "ಎಂಥ ಜನ ಸಾರ್ ಇವರು! ಇನ್ನೊಬ್ಬರ ಬದುಕಿನ ಜೊತೆ ಆಟ ಆಡೋದಾ?"

"ನಿಮಗೆ ಮಾರ್ತಾ ಇರೋ ಗಿಲಿಯನ್ ಮತ್ತು ಅವರ ತಾಯಿ ಇಬ್ಬರೂ ತಮ್ಮ ತಮ್ಮ ಮನೆ ಮಾರಿ, ಸಮುದ್ರದ ಹತ್ತಿರ ಒಂದೇ ದೊಡ್ಡ ಮನೆ ತಗೊಳ್ತಿದ್ರು. ತಾಯಿಯ ಮನೆ ಪಿನ್ನರ್‌ನಲ್ಲಿದೆ. ಅದನ್ನ ಕೊಳ್ತಿದ್ದವರು ಹಿಂದೆ ಸರಿದ್ರು. ಹೆಂಡತಿ ಬಸುರಿಯಂತೆ. ಏನೋ ಚೈನೀಸ್ ನಂಬಿಕೆಯಂತೆ."

ಶ್ರೀಲತಾ ಮೈಸೂರು ಪಾಕಿನ ಡಬ್ಬಿಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ರೀ, ನೀವು ಮೊನ್ನೆ ಸೋಮವಾರ ವಸಿಷ್ಠನ ಮನೆಗೆ ಯಾಕೆ ಹೋಗಿದ್ರಿ?"

"ಗಿರಮಿಟ್ ತಿನ್ನೋಕೆ."

"ನಿಜ ಹೇಳಿ."

ಅವನು ಹೇಳಿದ. ಕೇಳಿದ ಮೇಲೆ ಅವಳು ಕೂಗಾಡಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದಳು. ಕೋಳಿಯ ವಾಸನೆ ಒಳಗೆ ನುಗ್ಗಿತು. "ಚೆನ್ನಾಗಿ ಎಳ್ಕೊಳ್ಳಿ. ಇನ್ನು ಸಾಯೋತನಕ ಇದೇ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ಉದಯಶಂಕರನಿಗೆ ನಿಜವಾಗಿಯೂ ಸಂಕಟವಾಯಿತು. ಇನ್ನೊಬ್ಬರಿಗೆ ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಹಳೆಯ ಗಾದೆ. ಹೆಂಡತಿಯನ್ನೂ ಜೊತೆಗೆ ಎಳೆದುಕೊಂಡು ಬಿದ್ದದ್ದು ಅವನದೇ ಹೊಸ ಸೇರ್ಪಡೆ.

ಮರುದಿನ ಅವನು ಮತ್ತೆ ವೆಂಬ್ಲಿಗೆ ಓಡಿದ. ಶ್ರೀಲತಾ ಕಾವಲಿಗೆಂಬಂತೆ ಜೊತೆಗೆ ಬಂದಳು.

"ಅಮ್ಮಾ, ನಾನು ವಿಚಾರಿಸಿ ನೋಡ್ದೆ. ಫೆಂಗ್‌ಶುಯಿ ಎಲ್ಲ ಬರೀ ಸುಳ್ಳಂತೆ. ನಾವು ಓದಿದವರು, ಇಂಥದ್ದನ್ನೆಲ್ಲ ನಂಬಬಾರದು."

"ಮೊನ್ನಿ ಓದಿರಲಿಲ್ಲೇನು?" ಎಂದರು ವಿಶಾಲಾಕ್ಷಮ್ಮ.

ಅವನು ಮೇ ಲಿಂಗ್‌ಗೆ ವಿಡಿಯೋ ಕಾಲ್ ಮಾಡಿದ. ಅವರು ನಗುತ್ತ, ತಾವು ಬಸುರಿಯಾಗಿದ್ದಾಗ ಮನೆ ಬದಲಾಯಿಸಿದ್ದನ್ನೂ ಏನೂ ಆಗದಿದ್ದದ್ದನ್ನೂ ಹೇಳಿದರು. ಉದಯಶಂಕರ ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿದ. ಈ ಸಲ ಏನೂ ಸೇರಿಸಲಿಲ್ಲ.

"ಆ ಮಗಳು ಈಗ ಏನ ಮಾಡ್ತಾಳ? ಕೇಳು" ಎಂದರು ವಿಶಾಲಾಕ್ಷಮ್ಮ.

ಕೇಳಿದ. ಮಗಳು ಮೆಡಿಸಿನ್ ಬಿಟ್ಟು ನಾಟಕ ಕಲಿಯುತ್ತಿದ್ದಾಳೆ ಎಂದರು ಮೇ ಲಿಂಗ್, ಹೆಮ್ಮೆಯಿಂದ.

"ನೋಡಿದಿ?" ಎಂದು ವಿಶಾಲಾಕ್ಷಮ್ಮ ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. "ಏನೂ ಆಗಿಲ್ಲಂತ!"

ಉದಯಶಂಕರ ಫೋನಿಗೆ ಕೈ ಮುಗಿಯುವುದೊಂದು ಬಾಕಿ. "ಏನಾದ್ರೂ ಪರಿಹಾರ ಇದ್ದೇ ಇರಬೇಕಲ್ಲ? ನಮ್ಮಲ್ಲಿ ಎಲ್ಲದಕ್ಕೂ ಇರತ್ತೆ!" ಎಂದು ಗೋಗರೆದ. ಮೇ ಲಿಂಗ್ ಯೋಚಿಸಿ, ಅತ್ತೆ ಒಂದು ದಾರಿ ಹೇಳುತ್ತಿದ್ದರು ಎಂದರು. ಸಾಮಾನು ಸಾಗಿಸುವ ದಿನ ಬಸುರಿ ಅಲ್ಲಿರಕೂಡದು. ಹೊಸ ಪೊರಕೆಯಿಂದ ಮಂಚ, ಸೋಫಾ, ಪ್ರತಿಯೊಂದು ವಸ್ತುವನ್ನೂ ಗುಡಿಸಿ ಒಳಗೆ ತರಬೇಕು. ಗುಡಿಸುವವರು ಮನೆಯವರಾಗಿರಬಾರದು; ಆ ಮನೆಯ ಮೇಲೆ ಎಳ್ಳಷ್ಟೂ ಹೊಟ್ಟೆಕಿಚ್ಚು ಇಲ್ಲದವರಾಗಿರಬೇಕು.

ಇದು ವಿಶಾಲಾಕ್ಷಮ್ಮನವರಿಗೆ ಸರಿ ಕಂಡಿತು. ಕೆಲಸ ಕಷ್ಟವಿದ್ದಷ್ಟೂ ಅವರಿಗೆ ಶಾಸ್ತ್ರದ ಮೇಲೆ ಗೌರವ ಹೆಚ್ಚುತ್ತಿತ್ತು.

"ಡಾಕ್ಟರ್ ರಾಮಪ್ರಸಾದ್ ಆಗಬಹುದಾ ಅವ್ವಾ?" ಎಂದ ವಸಿಷ್ಠ.

"ಬ್ಯಾಡ. ನಮ್ಮ ಸೋಫಾದ ರೇಟ್ ಎರಡು ಸಲ ಕೇಳ್ಯಾನ."

"ಸಂಗಮೇಶ?"

"ಅವ ಒಳ್ಳೇವನ. ಅವನ ಹೆಂಡ್ತಿ ಕಣ್ಣಿಗೆ ಕಲ್ಲು ಸೀಳತಾವ."

"ಪ್ರಿಯಾಂಕಾ?" ಎಂದಳು ಮಾಳವಿಕಾ.

"ನಿನಗಿಂತ ಮೊದಲ ಮದವಿ ಆಗ್ಯಾಳ, ಇನ್ನೂ ಬಾಡಿಗಿ ಮನ್ಯಾಗಿದ್ದಾಳ. ಆಕಿಗೆ ಕಸಬರಗಿ ಕೊಡ್ತಿ?"

ಹೀಗೆ ವಾಯವ್ಯ ಲಂಡನ್ನಿನ ಕನ್ನಡಿಗರೆಲ್ಲ ಒಬ್ಬೊಬ್ಬರಾಗಿ ಬಿದ್ದುಹೋದರು. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತರು. ಇದ್ದಕ್ಕಿದ್ದಂತೆ ವಿಶಾಲಾಕ್ಷಮ್ಮನ ಮುಖ ಅರಳಿತು.

"ಏ ಉದಯಾ! ನೀನ ಅದೀಯಲ್ಲೋ! ನಮ್ಮ ಕೂಸಿನ ಚಿಂತಿ ಎಲ್ಲಾರಕಿಂತ ಮೊದಲ ಮಾಡಿದಾವ ನೀನು. ನಿನ್ನಂಥಾ ಚೊಕ್ಕ ಮನಸ್ಸು ಯಾರದೈತಿ?"

ಶ್ರೀಲತಾಗೆ ಕೆಮ್ಮು ಬಂತು. ಆ ಕೆಮ್ಮು ಬೆನ್ನು ಸವರಿದರೂ ನಿಲ್ಲಲಿಲ್ಲ, ನೀರು ಕೊಟ್ಟರೂ ನಿಲ್ಲಲಿಲ್ಲ. ಟ್ಯೂಬ್ ರೈಲಿನಲ್ಲಿ ಮನೆಗೆ ಬರುವಾಗ ವೆಂಬ್ಲಿಯಿಂದ ಕಿಂಗ್ಸ್‌ಬರಿವರೆಗೂ ಅವಳು ಕೆಮ್ಮುತ್ತಲೇ ಇದ್ದಳು.

ವಸಿಷ್ಠ ಮತ್ತೆ ಹೂಂ ಎಂದ, ಮುದುಕಿ ಹೂಂ ಎಂದಳು, ಚೈನ್ ಕೂಡಿಕೊಂಡಿತು. ಎಲ್ಲರೂ ಒಂದೇ ದಿನ ಮನೆ ಬದಲಾಯಿಸಬೇಕಾದ್ದರಿಂದ ಆ ದಿನ ಉದಯಶಂಕರನ ಮನೆಯೂ ಖಾಲಿಯಾಗಬೇಕಿತ್ತು. ಶ್ರೀಲತಾ ಒಬ್ಬಳೇ ಕಿಂಗ್ಸ್‌ಬರಿಯಲ್ಲಿ ವ್ಯಾನಿಗೆ ಸಾಮಾನು ಹೇರಿಸುತ್ತಿದ್ದಳು. ಅವಳ ಗಂಡ ಪಿನ್ನರ್‌ನಲ್ಲಿ ಇನ್ನೊಬ್ಬನ ಮನೆಯ ಮುಂದೆ ಪೊರಕೆ ಹಿಡಿದು ನಿಂತಿದ್ದ. ಮಾಳವಿಕಾ ಕ್ಲಿನಿಕ್ಕಿಗೆ ಹೋಗಿದ್ದಳು. ಯಾರೂ ಏನೂ ಮಾತಾಡಲಾಗದಂತೆ ಬಾಯಿ ತೆರೆದು ಮಲಗುವ ಜನರ ನಡುವೆ ಬಹಳ ದಿನಗಳ ಮೇಲೆ ನೆಮ್ಮದಿಯಾಗಿದ್ದಳು.

ಸಾಮಾನು ಹೊರುವ ಇಬ್ಬರು ಆಳುಗಳು ಸೋಫಾ ಇಳಿಸಿದರು. "ನಿಲ್ರೀ! ಗುಡಿಸಬೇಕು" ಎಂದರು ವಿಶಾಲಾಕ್ಷಮ್ಮ. ಆಳುಗಳು ನಿಂತರು. ಉದಯಶಂಕರ ಗುಡಿಸಿದ. ಮಂಚ ಬಂತು, ಗುಡಿಸಿದ. ಫ್ರಿಜ್ ಬಂತು, ಗುಡಿಸಿದ. ಪಕ್ಕದ ಮನೆಯ ಇಂಗ್ಲಿಷ್ ದಂಪತಿ ಬೇಲಿಯ ಹತ್ತಿರ ಟೀ ಕಪ್ಪು ಹಿಡಿದು ನಿಂತು ನೋಡಿದರು. ಇಷ್ಟು ಶುಚಿಯಾದ ಜನ ಈ ಬೀದಿಗೆ ಬಂದಿರಲಿಲ್ಲ ಎಂದು ಹೆಂಡತಿ ಹೇಳಿದಳು. ಬೆನ್ನು ನೋಯುತ್ತಿದ್ದ ಉದಯಶಂಕರ ತಲೆಯೆತ್ತಿ ನೋಡಿದರೆ ಎದುರಿಗೆ ಪೂರ್ವದ ಬಾಗಿಲು, ಅಗಲವಾದ ಕಿಟಕಿ, ಒಳಗೆ ಬೆಳ್ಳನೆಯ ಬಿಸಿಲು. ಒಂದೊಂದು ವಸ್ತು ಒಳಗೆ ಹೋದಾಗಲೂ ಅವನ ಹೊಟ್ಟೆಯಲ್ಲಿ ಒಂದೊಂದು ಒಲೆ ಹೊತ್ತಿಕೊಳ್ಳುತ್ತಿತ್ತು.

"ನಿಧಾನ ಮಾಡು ಉದಯಾ, ಮನಸಿಟ್ಟು ಗುಡಿಸು" ಎಂದರು ವಿಶಾಲಾಕ್ಷಮ್ಮ.

ಅಷ್ಟರಲ್ಲಿ ಗೇಟಿನ ಮುಂದೆ ಒಂದು ಕಾರು ಬಂದು ನಿಂತಿತು. ಪಿನ್ನರ್‌ನ ಮುದುಕಿಯನ್ನು ಕರೆದೊಯ್ಯಲು ಮಗಳು ಗಿಲಿಯನ್ ಬಂದಿದ್ದಳು. ಉದಯಶಂಕರ ಸೋಫಾದ ಮೆತ್ತೆಯ ಹಿಂದೆ ಮುಖ ಮುಚ್ಚಿಕೊಂಡ. ಮೆತ್ತೆ ಚಿಕ್ಕದು.

"ಮಿಸ್ಟರ್ ಶಂಕರ್!" ಎಂದು ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ನೀವು ಕೊಂಡದ್ದು ನನ್ನ ಮನೆ! ಇದು ಅಮ್ಮನದು. ದಾರಿ ತಪ್ಪಿದಿರಾ? ಎಜ್‌ವೇರ್ ಆ ಕಡೆ!"

ಬೇಲಿಯ ಹತ್ತಿರ ನಿಂತಿದ್ದ ದಂಪತಿ ಟೀ ಕುಡಿಯುವುದನ್ನು ನಿಲ್ಲಿಸಿದರು. ಪಿನ್ನರ್‌ನಲ್ಲಿ ಅಷ್ಟಾದರೆ ದೊಡ್ಡ ಗಲಭೆಯೇ.

"ಅಂದ್ರ ನೀನೂ ಮನಿ ತೊಗೊಂಡಿ?" ಎಂದರು ವಿಶಾಲಾಕ್ಷಮ್ಮ. "ನಮಗ ಒಂದು ಮಾತು ಹೇಳಲಿಲ್ಲ?"

ಉದಯಶಂಕರ ಪೊರಕೆಯನ್ನು ಬೆನ್ನ ಹಿಂದೆ ಅಡಗಿಸಿದ. ಇನ್ನು ವಸಿಷ್ಠ ನಗುತ್ತಾನೆ, ಬೆನ್ನು ತಟ್ಟುತ್ತಾನೆ, ಎಜ್‌ವೇರ್‌ನ ಚಿಕ್ಕ ಮನೆಗೆ ಅಭಿನಂದನೆ ಹೇಳುತ್ತಾನೆ, ಅದನ್ನು ಕೇಳಿ ತಾನು ಸಾಯಬೇಕು ಎಂದು ಕಾದ. ವಸಿಷ್ಠ ನಗಲಿಲ್ಲ. ಅವನ ಮುಖ ಬಿಳಚಿಕೊಂಡಿತ್ತು.

"ಗಿಲಿಯನ್ ಮನೆ... ಹಿಂದೆ ಸೇಬಿನ ಮರ ಇರೋದಾ?"

"ಹೂಂ."

"ಅದು ನೀನಾ?"

"ಏನು ನಾನಾ?"

"ಆ ಮನೆಗೆ ಮೊದಲು ಆಫರ್ ಹಾಕಿದ್ದು ನಾವು ಕಣೋ!" ವಸಿಷ್ಠನ ದನಿ ಒಡೆಯಿತು. "ಮಾಳವಿಕಾ ಆ ಮರ ನೋಡಿ ಮರುಳಾಗಿಬಿಟ್ಟಿದ್ಲು. ತೊಟ್ಟಿಲು ಎಲ್ಲಿಡಬೇಕು ಅಂತ ಕೂಡ ಮಾತಾಡಿಕೊಂಡಿದ್ವಿ. ಯಾರೋ ನಮಗಿಂತ ಜಾಸ್ತಿ ಹೇಳಿ ಹೊಡ್ಕೊಂಡು ಹೋದ. ಮಾಳವಿಕಾ ಎಷ್ಟು ದಿನ ಅತ್ತಳು ಗೊತ್ತಾ? ಆಮೇಲೆ ಏಜೆಂಟ್, ಅವಳ ತಾಯಿದೂ ಒಂದು ಮನೆ ಇದೆ, ಬೇಕಿದ್ರೆ ನೋಡಿ ಅಂದ. ಬೇರೆ ಗತಿಯಿಲ್ಲದೆ ಇದನ್ನ ತಗೊಂಡ್ವಿ. ಮರ್ಯಾದೆ ಹೋಗಬಾರದಲ್ಲ, ಅದಕ್ಕೆ ಎಲ್ಲರಿಗೂ ತೋರಿಸ್ಕೊಂಡು ಬಂದೆ."

ಉದಯಶಂಕರ ಆ ಮನೆಯ ಕಡೆ ಇನ್ನೊಮ್ಮೆ ನೋಡಿದ. ಕಿಟಕಿ ಅಗಲವೇ, ಆದರೆ ಸ್ವಲ್ಪ ಹಳೆಯದು. ಬಾಗಿಲು ಪೂರ್ವ, ಇರಲಿ ಪಾಪ. ಹೊಟ್ಟೆಯಲ್ಲಿ ಉರಿಯುತ್ತಿದ್ದ ಒಲೆಗಳು ಒಂದೊಂದಾಗಿ ಆರಿದವು. ಎಷ್ಟೋ ವರ್ಷಗಳಿಂದ ಕಾಣದ ತಂಪು ಅವನೊಳಗೆ ಹರಡಿತು. ಈ ಮನೆಯಲ್ಲಿ ಇವರು ಸುಖವಾಗಿರಲಿ ಎಂದು ಅವನಿಗೆ ಮನಸಾರೆ ಅನ್ನಿಸಿತು; ಹುಟ್ಟುವ ಮಗುವಿಗೆ ನೂರು ವರ್ಷ ಆಯಸ್ಸು ಕೊಡಲಿ ಎಂದು ಎರಡು ದೇಶದ ದೇವರುಗಳಿಗೂ ಕೈ ಮುಗಿದ. ಉಳಿದ ಸಾಮಾನನ್ನೆಲ್ಲ ಅವನು ಗುಡಿಸಿದ ಪರಿ ನೋಡಿ ಆಳುಗಳೂ ಬೆರಗಾದರು. ಆಗಲೇ ಒಳಗೆ ಹೋಗಿದ್ದ ಸೋಫಾ, ಮಂಚಗಳನ್ನು ಮತ್ತೆ ಹೊರಗೆ ತರಿಸಿ, ಮೊದಲಿಂದ ಗುಡಿಸಿ ಒಳಗೆ ಕಳಿಸಿದ.

"ಇದಪಾ ಮನಸ್ಸಂದ್ರ!" ಎಂದು ವಿಶಾಲಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಶ್ರೀಲತಾಳ ಫೋನ್ ಬಂತು. ಎಜ್‌ವೇರ್‌ನ ಕೀಲಿ ಅವಳ ಕೈಗೆ ಬಂದಿತ್ತು. "ಬೇಗ ಬನ್ರೀ, ಮನೆ ತುಂಬ ಬರೀ ಗಾಳಿ ವಾಸನೆ" ಎನ್ನುತ್ತಿದ್ದಳು. ಅವಳ ದನಿಯಲ್ಲಿ ನಗುವಿತ್ತು, ಅಳುವೂ ಇತ್ತು.

ಹೊರಡುವಾಗ ವಸಿಷ್ಠ ಗೇಟಿನವರೆಗೂ ಬಂದ. ಇವನ ಹೆಗಲ ಮೇಲೆ ಕೈ ಹಾಕಿ ದನಿ ತಗ್ಗಿಸಿದ.

"ಉದಯಾ, ಹೇಳಬೇಕೋ ಬೇಡವೋ ಗೊತ್ತಾಗ್ತಿಲ್ಲ. ಆ ಎಜ್‌ವೇರ್ ಮನೆಯ ಹಿಂದಿನ ಗೋಡೆಯಲ್ಲಿ ಡ್ಯಾಂಪ್ ಇದೆ, ತೇವ ಹಿಡಿಯತ್ತೆ ಅಂತ ಯಾರೋ ಅಂದ ಹಾಗಿತ್ತು. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಉದಯಶಂಕರ ಅವನನ್ನು ಬಿಗಿಯಾಗಿ ಅಪ್ಪಿಕೊಂಡ. ಇಷ್ಟು ವರ್ಷಗಳ ಸ್ನೇಹದಲ್ಲಿ ವಸಿಷ್ಠ ಅವನಿಗೆ ಇಂಥ ಸಿಹಿಯಾದ ಮಾತನ್ನು ಆಡಿದ್ದು ಇದೇ ಮೊದಲು.